ಟೈಟನ್ ಕಾದಂಬರಿ: ಈ ಸಲ ಬರವಣಿಗೆಗಿಂತ ಓದುಗರ ಸುದ್ದಿಯೇ ಜಾಸ್ತಿ

ಎರಡನೇ ಕರಡು ಅರ್ಧ ದಾಟಿತು. ಕಥಾನಾಯಕಿ ಇಳಾ ಈಗ ಟೈಟನ್‌ನ ಕ್ರಾಕೆನ್ ಸಮುದ್ರದ ದಂಡೆಯಲ್ಲಿದ್ದಾಳೆ. ದೋಣಿ ತಯಾರಾಗಿದೆ, ಮಳೆ ಹಿಡಿಯುವ ಮೊದಲು ಆಚೆ ದಡ ಸೇರಬೇಕು. ಹಿಂದಿನ ವರದಿ ಬರೆದಾಗ ಕಥೆಯಲ್ಲಿ ಈ ದೋಣಿಯೇ ಇರಲಿಲ್ಲ. ಅದನ್ನು ತಂದುಕೊಟ್ಟವರು ಒಬ್ಬ ಓದುಗರು.

ಹೊಸಬರಿಗೆ ಎರಡು ಮಾತು. ನಾನು ಬರೆಯುತ್ತಿರುವುದು ಶನಿಗ್ರಹದ ಅತಿ ದೊಡ್ಡ ಚಂದ್ರ ಟೈಟನ್‌ನಲ್ಲಿ ನಡೆಯುವ ಕಾದಂಬರಿ. ಪ್ರಕಾಶಕರು ಯಾರೂ ಇಲ್ಲ. ಒಂದೊಂದು ಅಧ್ಯಾಯ ಮುಗಿದ ಹಾಗೆ ಕೇಳಿದವರಿಗೆಲ್ಲ ಇಮೇಲ್‌ನಲ್ಲಿ ಕಳಿಸುತ್ತೇನೆ, ಅವರು ಉತ್ತರ ಬರೆಯುತ್ತಾರೆ, ನಾನು ತಿದ್ದುತ್ತೇನೆ. ಪೂರ್ತಿ ಮುಗಿದ ಮೇಲೆ ಇ-ಪುಸ್ತಕ. ಈ ದಾರಿ ಹೊಸದೇನಲ್ಲ. ಅಮೆರಿಕದ ಲೇಖಕ ಆಂಡಿ ವಿಯರ್ ತಮ್ಮ 'ದಿ ಮಾರ್ಷಿಯನ್' ಕಾದಂಬರಿಯನ್ನು ಮೊದಲು ಅಧ್ಯಾಯ ಅಧ್ಯಾಯವಾಗಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಹಾಕುತ್ತಿದ್ದರು, ವಿಜ್ಞಾನ ಗೊತ್ತಿದ್ದ ಓದುಗರು ಲೆಕ್ಕ ಎಲ್ಲಿ ತಪ್ಪಿದೆ ಅಂತ ಬರೆದು ತಿಳಿಸುತ್ತಿದ್ದರು. ಓದುಗರೇ ಕೇಳಿದರು ಅಂತ 2011ರಲ್ಲಿ ಅದನ್ನು 99 ಸೆಂಟ್‌ಗೆ ಅಮೆಜಾನ್‌ನ ಇ-ಪುಸ್ತಕ ಅಂಗಡಿ ಕಿಂಡಲ್‌ಗೆ ಹಾಕಿದರು. ದೊಡ್ಡ ಪ್ರಕಾಶಕರ ಕೈಯಿಂದ ಅದು ಹೊರಬಂದಿದ್ದು 2014ರಲ್ಲಿ. ಆ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆಮೇಲೆ ಬಂದ ಹೆಸರಲ್ಲ. ಬರೆಯುತ್ತಿರುವಾಗಲೇ ಓದುಗರು ಪಕ್ಕದಲ್ಲಿ ಕೂತಿದ್ದರಲ್ಲ, ಅದು.

ಈಗ ದೋಣಿ ವಿಷಯಕ್ಕೆ ಬರುತ್ತೇನೆ.

ಪ್ರತಿ ಅಧ್ಯಾಯದ ಕೊನೆಗೆ ಈಗ ಒಂದೇ ಒಂದು ಪ್ರಶ್ನೆ ಇಡುತ್ತೇನೆ. "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತ ಬರುತ್ತದೆ, ಪ್ರೀತಿಯಿಂದಲೇ ಬರೆದಿರುತ್ತಾರೆ, ಆದರೆ ಅದನ್ನು ಹಿಡಿದುಕೊಂಡು ಒಂದು ಸಾಲನ್ನೂ ತಿದ್ದುವುದಕ್ಕೆ ಆಗುವುದಿಲ್ಲ. ಅದೇ "ಎಲ್ಲಿ ಓದುವುದನ್ನು ನಿಲ್ಲಿಸಿದಿರಿ?" ಅಂತ ಕೇಳಿ ನೋಡಿ. ಜನ ಪುಟದ ಸಮೇತ ಹೇಳುತ್ತಾರೆ. ಏಳನೇ ಅಧ್ಯಾಯದ ಕೊನೆಗೆ ಕೇಳಿದ್ದು ಹೀಗೆ: ಇಳಾ ಈ ಸಮುದ್ರ ದಾಟಲೇಬೇಕು, ಹೇಗೆ ದಾಟಿದರೆ ನೀವು ನಂಬುತ್ತೀರಿ?

ಸುಮಾರು ಜನ ಹಾರಲಿ ಅಂದರು. ಅದರಲ್ಲಿ ಅರ್ಥ ಇದೆ. ಟೈಟನ್‌ನ ನೆಲದ ಹತ್ತಿರ ಗಾಳಿ ನಮ್ಮ ಗಾಳಿಗಿಂತ ನಾಲ್ಕು ಪಟ್ಟು ದಟ್ಟ, ಗುರುತ್ವ ನಮ್ಮದರ ಏಳನೇ ಒಂದು ಭಾಗ. ತೋಳಿಗೆ ರೆಕ್ಕೆ ಕಟ್ಟಿಕೊಂಡು ಬಡಿದರೆ ಮನುಷ್ಯ ನಿಜವಾಗಿಯೂ ಹಾರಬಹುದಾದ ಜಾಗ ಅದು. ಆದರೆ ನೂರಾರು ಕಿಲೋಮೀಟರ್ ರೆಕ್ಕೆ ಬಡಿಯುವುದು ಬೇರೆ ಮಾತು, ಅಲ್ವಾ?

ಆಗ ದೋಣಿ ಕಟ್ಟುವ ಕೆಲಸ ಗೊತ್ತಿರುವ ಒಬ್ಬರು ಉದ್ದ ಪತ್ರ ಬರೆದರು. ಜೊತೆಗೆ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬಿಡಿಸಿದ ಒಂದು ಚಿತ್ರದ ಫೋಟೋ. ದೋಣಿಯ ಅಡ್ಡ ಸೀಳು. ಅದರಲ್ಲಿ ಎರಡು ಗೆರೆ. ಕೆಳಗಿನದು ಪೆನ್ಸಿಲ್ ಗೆರೆ, "ನೀರಿನಲ್ಲಿ" ಅಂತ ಬರೆದಿದೆ. ಅದಕ್ಕಿಂತ ಎರಡರಷ್ಟು ಮೇಲೆ ಕೆಂಪು ಇಂಕಿನ ಗೆರೆ, "ನಿಮ್ಮ ಸಮುದ್ರದಲ್ಲಿ ಇಲ್ಲಿವರೆಗೆ ಮುಳುಗುತ್ತೆ."

ಕಾರಣವನ್ನೂ ಬಿಡಿಸಿ ಹೇಳಿದ್ದರು. ಅಲ್ಲಿನ ಸಮುದ್ರ ನೀರಲ್ಲ, ದ್ರವ ಮೀಥೇನ್, ಈಥೇನ್. ಸಾಂದ್ರತೆ ನೀರಿನ ಸುಮಾರು ಅರ್ಧ. ಗುರುತ್ವ ಕಡಿಮೆ ಇದೆಯಲ್ಲ, ದೋಣಿ ಹಗುರವಾಗಿ ತೇಲುತ್ತೆ ಅಂತ ಯಾರಿಗಾದರೂ ಅನ್ನಿಸಬಹುದು. ಹಾಗಾಗುವುದಿಲ್ಲ. ದೋಣಿಯ ತೂಕ ಏಳನೇ ಒಂದು ಭಾಗಕ್ಕೆ ಇಳಿದರೆ ಅದು ಪಕ್ಕಕ್ಕೆ ತಳ್ಳುವ ದ್ರವದ ತೂಕವೂ ಅಷ್ಟೇ ಇಳಿಯುತ್ತದೆ, ಹಾಗಾಗಿ ಗುರುತ್ವದ ಲೆಕ್ಕ ಎರಡೂ ಕಡೆ ಹೊಡೆದುಹೋಗಿ ಉಳಿಯುವುದು ಸಾಂದ್ರತೆ ಮಾತ್ರ. ನೀರಿನ ಮಂಜುಗಡ್ಡೆಯೂ ಅಲ್ಲಿ ತೇಲುವುದಿಲ್ಲ, ಸೀದಾ ತಳಕ್ಕೆ ಹೋಗುತ್ತದೆ. ಅಲೆಗಳ ಬಗ್ಗೆಯೂ ಒಂದು ಪ್ಯಾರಾ ಇತ್ತು. ಆಳದ ಸಮುದ್ರದಲ್ಲಿ ಅಲೆಯ ವೇಗ ಗುರುತ್ವದ ವರ್ಗಮೂಲಕ್ಕೆ ತಕ್ಕ ಹಾಗೆ ಇರುತ್ತದೆ, ಅಂದರೆ ಅಷ್ಟೇ ಉದ್ದದ ಅಲೆ ಅಲ್ಲಿ ನಮ್ಮ ಸಮುದ್ರಕ್ಕಿಂತ ಎರಡೂವರೆ ಪಟ್ಟಿಗೂ ನಿಧಾನ.

ಈ ಪತ್ರ ಓದಿ ಮುಗಿಸುವಷ್ಟರಲ್ಲಿ ಅಧ್ಯಾಯ ಕಣ್ಣ ಮುಂದೆ ಬಂದಿತ್ತು. ಎದ್ದು ಬರುವ ಅಲೆ ಇಳಾಗೆ ಬಹಳ ಮೊದಲೇ ಕಾಣುತ್ತದೆ. ತಪ್ಪಿಸಿಕೊಳ್ಳುವುದಕ್ಕೆ ಬೇಕಾದಷ್ಟು ಸಮಯವಿದೆ ಅನ್ನಿಸುತ್ತದೆ. ಆದರೆ ದೋಣಿ ಅಷ್ಟು ಆಳಕ್ಕೆ ಕೂತಿರುವುದರಿಂದ ತಿರುಗುವುದೂ ಅಷ್ಟೇ ನಿಧಾನ. ಮೇಲೆ ಮೀಥೇನ್ ಮಳೆ, ಒಂದೊಂದು ಹನಿ ಸುಮಾರು ಒಂದು ಸೆಂಟಿಮೀಟರ್ ದಪ್ಪ, ಸೆಕೆಂಡಿಗೆ ಒಂದೂವರೆ ಮೀಟರ್ ಚಿಲ್ಲರೆ ವೇಗದಲ್ಲಿ, ಕಣ್ಣಲ್ಲಿ ಹಿಂಬಾಲಿಸಬಹುದಾದಷ್ಟು ಮೆಲ್ಲಗೆ ಇಳಿಯುತ್ತದೆ. ಈ ನಿಧಾನದ ಭಯ ನನಗೆ ಎಷ್ಟು ಇಷ್ಟ ಆಯಿತು ಅಂದರೆ ಕಾದಂಬರಿಯ ನಡುಭಾಗ ಪೂರ್ತಿ ಅದರ ಮೇಲೆ ನಿಲ್ಲಿಸಿದ್ದೇನೆ. ಆ ಓದುಗರಿಗೆ ಅಧ್ಯಾಯದ ಮೊದಲ ಪ್ರತಿ ಹೋಯಿತು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಚಿತ್ರ ಮಾತ್ರ ಪುಸ್ತಕದಲ್ಲಿ ಇರುತ್ತದೆ, ಕೆಂಪು ಗೆರೆ ಸಮೇತ.

ಇನ್ನೊಂದು ಪತ್ರದ ಬಗ್ಗೆಯೂ ಹೇಳಲೇಬೇಕು. ಶನಿಯಿಂದ ಭೂಮಿಗೆ ಬೆಳಕು ಬರುವುದಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಕು, ದೂರ ಇದ್ದಾಗ ಒಂದೂವರೆ ಗಂಟೆ. ಹೋಗಿ ಬರುವುದಕ್ಕೆ ಅದರ ಎರಡರಷ್ಟು. ಇಳಾ ಮತ್ತು ಅವಳ ಅಮ್ಮ ಹೇಗೆ ಮಾತಾಡುತ್ತಾರೆ ಅಂತ ಕೇಳಿದ್ದೆ. ಗಂಡ ವರ್ಷಗಟ್ಟಲೆ ದೂರದಲ್ಲಿದ್ದಾಗ ಕಾಗದದಲ್ಲೇ ಸಂಸಾರ ನಡೆಸಿದ ಓದುಗರೊಬ್ಬರು ಬರೆದರು: "ಇಬ್ಬರೂ ಉತ್ತರಕ್ಕೆ ಕಾಯುವುದಿಲ್ಲ, ಬರೆಯುತ್ತಲೇ ಇರುತ್ತಾರೆ, ಹಾಗಾಗಿ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟುತ್ತವೆ. ನಾನು ಜ್ವರ ಅಂತ ಬರೆದ ಕಾಗದ ಅವರಿಗೆ ಸಿಗುವ ಹೊತ್ತಿಗೆ ಜ್ವರ ಬಿಟ್ಟಿರುತ್ತಿತ್ತು, ಹುಷಾರಾಗಿರು ಅಂತ ಅವರು ಬರೆದಿದ್ದು ನಾನು ಎದ್ದು ಓಡಾಡುವಾಗ ಕೈಗೆ ಬರುತ್ತಿತ್ತು, ಆದರೂ ಅದನ್ನು ಓದಿದಾಗ ಸಮಾಧಾನ ಆಗುತ್ತಿತ್ತು."

ಒಂಬತ್ತನೇ ಅಧ್ಯಾಯ ಈಗ ಪೂರ್ತಿ ಅಮ್ಮ ಮಗಳ ಸಂದೇಶಗಳು. ಪ್ರಶ್ನೆಯ ಪಕ್ಕದಲ್ಲಿ ಉತ್ತರ ಇಲ್ಲ. ಎರಡು ಮೂರು ಸಂದೇಶ ದಾಟಿದ ಮೇಲೆ ಉತ್ತರ ಸಿಗುತ್ತದೆ, ಓದುವವರೇ ಜೋಡಿಸಿಕೊಳ್ಳಬೇಕು. ವಿಜ್ಞಾನದ ಒಂದು ಅಂಕಿಯನ್ನು ನಾನು ಕೊಟ್ಟೆ, ಅದರೊಳಗೆ ಇರುವ ಮನುಷ್ಯರನ್ನು ಅವರು ಕೊಟ್ಟರು. ಓದುಗರ ಜೊತೆ ಮಾತಾಡುತ್ತಾ ಬರೆಯುವುದರಲ್ಲಿ ನನಗೆ ಸಿಕ್ಕಿರುವ ಅತಿ ದೊಡ್ಡ ಲಾಭ ಇದೇ.

ಹಾಗಂತ ಎಲ್ಲರೂ ಹೇಳಿದ ಹಾಗೆ ಕಥೆ ತಿರುಗಿಸುವುದಿಲ್ಲ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ, ಯಾಕಂದ್ರೆ ಹೊಸದಾಗಿ ಸೇರಿದವರು ಕೇಳುತ್ತಲೇ ಇದ್ದಾರೆ. ಓದುಗರು ಎಲ್ಲಿ ಎಡವಿದರು ಅನ್ನುವುದು ಯಾವಾಗಲೂ ಸರಿಯಾಗಿರುತ್ತದೆ. ಅದನ್ನು ಹೇಗೆ ಸರಿ ಮಾಡಬೇಕು ಅನ್ನುವುದು ನನ್ನ ಕೆಲಸ. ಹತ್ತನೇ ಅಧ್ಯಾಯದಲ್ಲಿ ಇಳಾಳ ಜೊತೆಗಾರ ಸಾಯುತ್ತಾನೆ. ಬದುಕಿಸಿ ಅಂತ ತುಂಬಾ ಜನ ಬರೆದರು. ಅವರೆಲ್ಲರ ಪತ್ರ ಮತ್ತೆ ಮತ್ತೆ ಓದಿದೆ. ಸಾವಿನ ಬಗ್ಗೆ ಬೇಜಾರಿಗಿಂತ ಅದು ದಿಢೀರ್ ಅಂತ ಬಂತು ಅನ್ನುವ ದೂರು ಎಲ್ಲರದ್ದೂ ಇತ್ತು. ಹಾಗಾಗಿ ಅವನು ಸಾಯುತ್ತಾನೆ, ಆದರೆ ಅವನ ಮೈ ಬಿಸಿ ಮಾಡುವ ಉಡುಪಿನ ತಂತಿ ಸವೆದಿರುವುದು ಎಂಟನೇ ಅಧ್ಯಾಯದಲ್ಲೇ ಕಾಣುತ್ತದೆ. ಟೈಟನ್‌ನಲ್ಲಿ ಗಾಳಿಯ ಒತ್ತಡ ನಮ್ಮದರ ಒಂದೂವರೆ ಪಟ್ಟು, ಅಂದರೆ ಒತ್ತಡದ ಉಡುಪೇ ಬೇಡ. ಆಮ್ಲಜನಕ ಮತ್ತು ಬಿಸಿ ಇದ್ದರೆ ಸಾಕು. ಹೊರಗೆ ಮಾತ್ರ ಮೈನಸ್ 179 ಡಿಗ್ರಿ. ಅಲ್ಲಿ ಜೀವ ಉಳಿಸುವುದು ಆ ತಂತಿಯೇ.

ತಾಂತ್ರಿಕ ಕೆಲಸ. ಇಪಬ್ ಅನ್ನುವ ಇ-ಪುಸ್ತಕದ ಫೈಲ್‌ನಲ್ಲಿ ಒತ್ತಕ್ಷರ ಒಡೆಯುತ್ತಿರುವುದನ್ನು ಕೆಲವರು ತೋರಿಸಿದರು. ಒಬ್ಬರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ "ಶಾಸ್ತ್ರ" ಅನ್ನುವುದು ಮೂರು ತುಂಡಾಗಿ, ತಕಾರ ರಕಾರ ಪಕ್ಕಪಕ್ಕದಲ್ಲಿ ಬಿದ್ದಿದ್ದವು. ಯೂನಿಕೋಡ್ ಪಠ್ಯ ಸರಿಯಾಗೇ ಇದೆ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಫೈಲಿನ ಒಳಗೇ ಸೇರಿಸಿದೆ, ಅದು ಮುಕ್ತ ಪರವಾನಗಿಯ ಫಾಂಟ್, ಹಂಚುವುದಕ್ಕೆ ತೊಂದರೆ ಇಲ್ಲ. ಬಹಳಷ್ಟು ಕಡೆ ಸರಿಹೋಯಿತು. ಆದರೆ ಅಕ್ಷರ ಜೋಡಿಸುವ ತಂತ್ರಾಂಶವೇ ಇಲ್ಲದ ಹಳೆಯ ಸಾಧನಗಳಲ್ಲಿ ಎಂಥ ಫಾಂಟ್ ಕೊಟ್ಟರೂ ಪ್ರಯೋಜನವಿಲ್ಲ. ಅಂಥವರಿಗೆ ಫೋನ್ ಅಳತೆಯ ಪುಟಗಳಿರುವ ಪಿಡಿಎಫ್ ಮಾಡಿದ್ದೇನೆ, ಹಿಗ್ಗಿಸದೆ ಓದಬಹುದು. ಇನ್ನು ಮುಂದೆ ಪ್ರತಿ ಅಧ್ಯಾಯವೂ ಎರಡೂ ರೂಪದಲ್ಲಿ ಬರುತ್ತದೆ.

ಎಷ್ಟು ಜನ ಪತ್ರ ತೆರೆದರು ಅನ್ನುವ ಲೆಕ್ಕ ನೋಡುವುದನ್ನು ಬಿಟ್ಟಿದ್ದೇನೆ. ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕೆ ಚಿತ್ರ ಇಟ್ಟು, ಅದು ಡೌನ್‌ಲೋಡ್ ಆದರೆ ಪತ್ರ ತೆರೆದರು ಅಂತ ಎಣಿಸುವ ಪದ್ಧತಿ ಅದು. 2021ರಲ್ಲಿ ಆಪಲ್ ತನ್ನ ಮೇಲ್‌ನಲ್ಲಿ ಗೋಪ್ಯತೆಯ ಸೌಲಭ್ಯ ತಂದ ಮೇಲೆ, ಅದನ್ನು ಆನ್ ಮಾಡಿಕೊಂಡವರ ಪತ್ರದಲ್ಲಿನ ಚಿತ್ರಗಳು ಅವರು ಓದಲಿ ಬಿಡಲಿ ಮೊದಲೇ ಇಳಿದುಬಿಡುತ್ತವೆ. ಹಾಗಾಗಿ ಆ ಅಂಕಿಯನ್ನು ನಂಬುವಂತಿಲ್ಲ. ಓದುಗರ ಹಿಂದೆ ಹೀಗೆ ಕಣ್ಣಿಡುವುದು ನನಗೆ ಮೊದಲಿಂದಲೂ ಇಷ್ಟವಿಲ್ಲ. ನಾನು ಕಳಿಸುವ ಪತ್ರಗಳಲ್ಲಿ ಆ ಚುಕ್ಕೆ ಇರುವುದಿಲ್ಲ. ನಾನು ಎಣಿಸುವುದು ಉತ್ತರಗಳನ್ನು ಮಾತ್ರ.

ಚಿಕ್ಕ ವಿಡಿಯೋಗಳಿಂದ ಹಿಂಬಾಲಕರು ಬರುತ್ತಾರೆ, ಓದುಗರು ಕಡಿಮೆ. ಮಾಡುವುದನ್ನು ನಿಲ್ಲಿಸಿಲ್ಲ, ಆದರೆ ಅದಕ್ಕೆ ಬರವಣಿಗೆಯ ಸಮಯ ಕೊಡುವುದಿಲ್ಲ.

ವಿಡಿಯೋ ಕರೆಯಲ್ಲಿ ಅಧ್ಯಾಯ ಓದಿ ಹೇಳುವುದು ಮಾತ್ರ ತುಂಬಾ ಚೆನ್ನಾಗಿ ನಡೆಯುತ್ತಿದೆ. ಗಟ್ಟಿಯಾಗಿ ಓದುವಾಗ ಉಸಿರು ಕಟ್ಟುವ ವಾಕ್ಯ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ಲೇ ಗೀಟು ಹಾಕಿಕೊಳ್ಳುತ್ತೇನೆ. ಓದಿದ ಮೇಲೆ ಒಬ್ಬರು ಮೈಕ್ ಆನ್ ಮಾಡಿ ಕೇಳಿದ ಒಂದು ಪ್ರಶ್ನೆಯಿಂದ ಮುಂದಿನ ಅಧ್ಯಾಯದ ಯೋಚನೆ ಹುಟ್ಟಿತು. ಟೈಟನ್‌ನಲ್ಲಿ ರಾತ್ರಿ ಎಷ್ಟು ಹೊತ್ತು ಇರುತ್ತೆ ಅಂತ ಕೇಳಿದರು. ಒಂದು ಹಗಲು ರಾತ್ರಿ ಸೇರಿದರೆ ನಮ್ಮ 16 ದಿನಕ್ಕೆ ಹತ್ತಿರ. ಆದರೆ ಇಳಾಳ ಊರು ಬಹಳ ಉತ್ತರದಲ್ಲಿದೆ. ಶನಿಯ ವರ್ಷ ಅಂದರೆ ನಮ್ಮ ಇಪ್ಪತ್ತೊಂಬತ್ತೂವರೆ ವರ್ಷ, ಅಕ್ಷದ ವಾಲಿಕೆ 27 ಡಿಗ್ರಿಗೆ ಹತ್ತಿರ. ಕೂತು ಲೆಕ್ಕ ಹಾಕಿದೆ. 70 ಡಿಗ್ರಿ ಉತ್ತರದಲ್ಲಿ ಬೇಸಿಗೆಯಲ್ಲಿ ಸುಮಾರು ಏಳು ವರ್ಷ ಸೂರ್ಯ ಮುಳುಗುವುದೇ ಇಲ್ಲ. ದಟ್ಟ ಮಂಜಿನ ಹಿಂದೆ ಸೂರ್ಯನ ಬಿಂಬ ಕಾಣುವುದಿಲ್ಲ, ಆಕಾಶ ಪೂರ್ತಿ ಮಂದವಾದ ಕಿತ್ತಳೆ ಬಣ್ಣ. ಆಮೇಲೆ ಒಂದು ದಿನ ಅದು ಕಪ್ಪಾಗುತ್ತದೆ.

ಹನ್ನೊಂದನೇ ಅಧ್ಯಾಯ ಇಳಾ ವಾಪಸ್ ಬಂದ ಮೇಲೆ ಆ ಊರಿನಲ್ಲಿ ನಡೆಯುತ್ತದೆ. ಮುಂದಿನ ವಾರ ಕಳಿಸುತ್ತೇನೆ, ಅದಕ್ಕೂ ಮೊದಲು ನಿಮ್ಮ ಉತ್ತರ ಬೇಕು. ಆ ಬೇಸಿಗೆಯ ಶುರುವಿನಲ್ಲಿ ಹುಟ್ಟಿ, ಏಳು ವರ್ಷ ಕತ್ತಲನ್ನೇ ನೋಡದ ಒಂದು ಮಗು ಇದೆ. ನಾಳೆ ಕತ್ತಲಾಗುತ್ತೆ ಅಂತ ಅದಕ್ಕೆ ನೀವಾದರೆ ಹೇಗೆ ಹೇಳುತ್ತೀರಿ? ಮಕ್ಕಳನ್ನು ಸಾಕಿದವರು, ಪಾಠ ಹೇಳುವವರು, ಕತ್ತಲೆ ಅಂದರೆ ಹೆದರುತ್ತಿದ್ದವರು, ಎಲ್ಲರೂ ಬರೆಯಿರಿ. ಒಂದೇ ಸಾಲು ಇದ್ದರೂ ಪರವಾಗಿಲ್ಲ, ಎಲ್ಲ ಓದುತ್ತೇನೆ.