ಗ್ರಹಣದ ದಿನ ನಾನು ಏನು ಮಾಡುತ್ತಿದ್ದೆ

ನನ್ನ ಮಗನ ಬಲಪಾದ ಹುಟ್ಟಿನಿಂದಲೇ ಒಳಕ್ಕೆ ಸೊಟ್ಟಗಿದ್ದ ಕಥೆ ತಿಳಿದವರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಗ್ರಹಣದ ದಿನ ನೀವು ಏನು ಮಾಡುತ್ತಿದ್ದಿರಿ?" ಎರಡೂವರೆ ವರ್ಷಗಳಿಂದ ಇದಕ್ಕೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳುವವರ ಕೈಗೆ ಈ ಬರಹವನ್ನು ಕೊಟ್ಟು ಸುಮ್ಮನಾಗುವುದೆಂದು ನಿಶ್ಚಯಿಸಿದ್ದೇನೆ.

ಮಲಗಿದ್ದೆ. 2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆ. ಸೂರ್ಯ ಮುಳುಗುವ ಹೊತ್ತಿಗೆ ಹಿಡಿದ ಪಾರ್ಶ್ವಗ್ರಹಣವು ನಮ್ಮ ಕಡೆ ಒಂದು ಗಂಟೆಯಷ್ಟು ಹೊತ್ತೂ ಕಾಣುವಂತಿರಲಿಲ್ಲ. ಆದರೂ ಅತ್ತೆಯವರ ಮಾತಿಗೆ ಕಟ್ಟುಬಿದ್ದು, ಮಧ್ಯಾಹ್ನದಿಂದಲೇ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಹೊಟ್ಟೆಯ ಮೇಲೆ ದರ್ಭೆಯಿಟ್ಟುಕೊಂಡು, ಚಾಪೆಯ ಮೇಲೆ ಕೋಲಿನಂತೆ ನೆಟ್ಟಗೆ ಮಲಗಿದ್ದೆ. ಈಳಿಗೆಮಣೆ ಮುಟ್ಟಲಿಲ್ಲ, ಕತ್ತರಿ ಮುಟ್ಟಲಿಲ್ಲ, ಐದು ತಿಂಗಳ ಬಸುರಿ ಮಾಡಬಾರದ ಕೆಲಸವೆಂದು ತಿಳಿದಿದ್ದೂ ನೀರನ್ನು ಸಹ ಕುಡಿಯಲಿಲ್ಲ. ನವೆಂಬರ್ 8ರ ಚಂದ್ರಗ್ರಹಣಕ್ಕೂ ಇದೇ ವ್ರತ ನಡೆಯಿತು. ಇಷ್ಟನ್ನೂ ವಿವರಿಸಿದ ಮೇಲೆ ಪ್ರಶ್ನೆ ಕೇಳಿದವರು ಒಂದು ಕ್ಷಣ ಯೋಚಿಸಿ, "ಹಾಗಾದರೆ ನಿದ್ದೆಯಲ್ಲಿ ಕಾಲು ಮಡಿಸಿರುತ್ತೀರಿ" ಎನ್ನುತ್ತಾರೆ.

2023ರ ಏಪ್ರಿಲ್ ತಿಂಗಳಿನ ಒಂದು ಬೆಳಿಗ್ಗೆ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅರೇಹಳ್ಳಿ ಕಡೆಯ ನಮ್ಮ ಊರಿನಿಂದ ಬೇಲೂರಿಗೆ ಬಂದು, ಅಲ್ಲಿ ಹಾಸನದ ಬಸ್ಸು ಹಿಡಿದು, ವಾರಕ್ಕೊಮ್ಮೆ ಮಗುವಿನ ಕಾಲಿನ ಪಿಒಪಿ (ಪ್ಲಾಸ್ಟರ್) ಪಟ್ಟಿ ಬದಲಾಯಿಸಲು ಹೋಗುತ್ತಿದ್ದ ದಿನಗಳವು. ಊರಿನವರೆಲ್ಲ ಕಾಫಿಗೆ ಹೂಮಳೆ ಬರಲೆಂದು ಮುಗಿಲು ನೋಡುತ್ತಿದ್ದರೆ, ನಾನೊಬ್ಬಳು ಮಾತ್ರ ಪಟ್ಟಿ ನೆನೆಯದಿರಲೆಂದು ಮಳೆ ಬಾರದಂತೆ ಹರಕೆ ಹೊರುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ಮಗುವಿನ ಬೆರಳ ತುದಿಯಿಂದ ತೊಡೆಯ ಸಂದಿನವರೆಗೆ ಹಾಕಿದ್ದ ಪಟ್ಟಿಯನ್ನು ನೋಡಿ, ಮೊದಲು "ಎತ್ತಿ ಹಾಕಿಬಿಟ್ಯೇನವ್ವಾ?" ಎಂದರು. ಹುಟ್ಟಿನಿಂದಲೇ ಪಾದ ಸೊಟ್ಟಗಿತ್ತೆಂದು ತಿಳಿದಾಗ ಗ್ರಹಣಕ್ಕೆ ಬಂದರು. ಹಿಂದಿನ ಸೀಟಿನವರು ಸೇರಿಕೊಂಡರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ ತಮ್ಮ ಚಿಕ್ಕಮ್ಮನ ಮಗಳೊಬ್ಬಳು ಗ್ರಹಣದಲ್ಲಿ ಸೊಪ್ಪು ಹೆಚ್ಚಿದ ಕಥೆಯನ್ನು ಸೇರಿಸಿದರು. ನಾನು ಫೈಲು ಬಿಚ್ಚಿ ಐದನೆಯ ತಿಂಗಳ ಸ್ಕ್ಯಾನಿಂಗ್ ವರದಿಯನ್ನು ಹೊರಗೆಳೆದೆ. ಅದರ ಮೇಲಿನ ದಿನಾಂಕ ಅಕ್ಟೋಬರ್ 11. ಬಲಪಾದವು ಒಳಕ್ಕೆ ತಿರುಗಿದಂತಿದೆ ಎಂದು ಅಂದೇ ಬರೆದಾಗಿತ್ತು. ಸೂರ್ಯನಿಗೆ ಗ್ರಹಣ ಹಿಡಿದದ್ದು ಅದಾಗಿ ಎರಡು ವಾರಗಳ ಮೇಲೆ. ಅಜ್ಜಿ ಸೋಲಲಿಲ್ಲ. "ಅದಕ್ಕೂ ಹಿಂದ್ಲು ಗ್ರಹಣ ಇರ್ಬೇಕು" ಎಂದರು. ಅದಕ್ಕೂ ಹಿಂದಿನದು ಮೇ 16ರ ಚಂದ್ರಗ್ರಹಣ. ಅದು ಭಾರತದಲ್ಲಿ ಕಾಣಿಸಲಿಲ್ಲ, ಆಗಿನ್ನೂ ನಾನು ಬಸುರಿಯೂ ಆಗಿರಲಿಲ್ಲ. ಅಷ್ಟು ಹೊತ್ತಿಗೆ ಹಾಸನ ಬಂದಿತು.

ಪ್ರಶ್ನೆಗಿಂತ ಅದರ ವ್ಯಾಕರಣ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಅದರ ಕರ್ತೃ ಯಾವಾಗಲೂ ನಾನೇ. ಅದೇ ಸಂಜೆ ನನ್ನ ಯಜಮಾನರು ತಂತಿಯ ಮೇಲೆ ಬಾಗಿದ್ದ ಸಿಲ್ವರ್ ಓಕ್ ಕೊಂಬೆಯನ್ನು ಗರಗಸದಿಂದ ಕೊಯ್ಯುತ್ತಿದ್ದರು. ಅವರನ್ನು ಇಂದಿನವರೆಗೆ ಒಬ್ಬರೂ ಕೇಳಿಲ್ಲ. ಸೊಟ್ಟ ಪಾದವು ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟು ಹೆಚ್ಚು, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಎರಡೂ ಕಾಲುಗಳಲ್ಲಿ. ರಾಹುವಿಗೆ ಗಂಡುಮಕ್ಕಳ ಮೇಲೆ ಈ ಪಕ್ಷಪಾತವೇಕೆ, ನನ್ನ ಮಗನ ಬಲಗಾಲನ್ನು ಹಿಡಿದು ಎಡಗಾಲನ್ನು ಬಿಟ್ಟದ್ದೇಕೆ ಎಂಬುದನ್ನು ಗ್ರಹಣವಾದಿಗಳು ವಿವರಿಸಬೇಕು. ಮನೆತನದಲ್ಲಿ ಒಬ್ಬರಿಗಿದ್ದರೆ ಮತ್ತೊಬ್ಬರಿಗೆ ಬರುವ ಸಂಭವ ಹೆಚ್ಚು ಎಂಬುದು ನಿಜ. ಆದರೆ ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಈ ಉತ್ತರ ಯಾರಿಗೂ ರುಚಿಸುವುದಿಲ್ಲ.

ಹೆರಿಗೆಯಾಗಿ ಮನೆಗೆ ಬಂದಾಗ ಗ್ರಹಣದ ಮಾತೆತ್ತದೆ ಮಗುವಿನ ಪಾದವನ್ನು ನೋಡಿದ ಮೊದಲಿಗರು ನಮ್ಮೂರಿನ ಆಶಾ ಕಾರ್ಯಕರ್ತೆ. ಮಕ್ಕಳ ಹುಟ್ಟುದೋಷಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಯಾದಿಯಲ್ಲಿ ಇದೂ ಇದೆ, ತಡಮಾಡದೆ ಹಾಸನಕ್ಕೆ ಹೋಗಿ ಎಂದು ಅವರು ಹೇಳಿರದಿದ್ದರೆ, ಎಣ್ಣೆ ಹಚ್ಚಿ ನೀವಿದರೆ ತಾನಾಗಿ ನೆಟ್ಟಗಾಗುತ್ತದೆ ಎಂದ ವೈದ್ಯರೊಬ್ಬರ ಮಾತು ನಂಬಿ ಕುಳಿತಿರುತ್ತಿದ್ದೆನೋ ಏನೋ. ಹಾಸನದಲ್ಲಿ ಮಾಡಿದ್ದು ಪಾನ್ಸೆಟಿ ವಿಧಾನದ ಚಿಕಿತ್ಸೆ. ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ 1914ರಲ್ಲಿ ಹುಟ್ಟಿ, ಅಲ್ಲಿಯ ಅಂತರ್ಯುದ್ಧದಲ್ಲಿ ಗಾಯಾಳುಗಳ ಮುರಿದ ಮೂಳೆಗಳಿಗೆ ಚಿಕಿತ್ಸೆ ಮಾಡಿ, ಕೊನೆಗೆ ಅಮೆರಿಕದ ಅಯೋವಾದಲ್ಲಿ ನೆಲೆಸಿದ ಇಗ್ನಾಸಿಯೋ ಪಾನ್ಸೆಟಿ ಎಂಬ ವೈದ್ಯರು ರೂಪಿಸಿದ ವಿಧಾನವದು. ಎಳೆಮಗುವಿನ ಪಾದದ ಮೂಳೆಗಳು ಇನ್ನೂ ಬಹುಪಾಲು ಮೆತ್ತನೆಯ ಮೃದ್ವಸ್ಥಿಯೇ ಆಗಿರುವುದರಿಂದ, ಕಾಲಿನ ಹರಡಿನಲ್ಲಿರುವ ಟೇಲಸ್ ಎಂಬ ಮೂಳೆಯ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಉಳಿದ ಪಾದವನ್ನು ಅದರ ಸುತ್ತ ಹೊರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾರೆ. ಅಷ್ಟು ತಿರುಗಿದ್ದನ್ನು ಪಟ್ಟಿಯಲ್ಲಿ ಒಂದು ವಾರ ಹಿಡಿದಿಡುತ್ತಾರೆ. ಮುಂದಿನ ವಾರ ಬಕೆಟ್ಟಿನ ನೀರಿನಲ್ಲಿ ಪಟ್ಟಿ ನೆನೆಸಿ ಬಿಚ್ಚಿ, ಇನ್ನಷ್ಟು ತಿರುಗಿಸಿ ಹೊಸದನ್ನು ಹಾಕುತ್ತಾರೆ. ನಮಗೆ ಇಂಥ ಆರು ಪಟ್ಟಿಗಳಾದವು. ಕೊನೆಗೂ ಬಗ್ಗದೆ ಉಳಿದದ್ದು ಹಿಮ್ಮಡಿ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು ಚಿಕ್ಕದೊಂದು ಅಲಗಿನಿಂದ ಕತ್ತರಿಸಿ, ಹೊಲಿಗೆ ಕೂಡ ಹಾಕದೆ, ಮೂರು ವಾರಗಳ ಪಟ್ಟಿ ಕಟ್ಟಿದರು. ಆ ಮೂರು ವಾರಗಳಲ್ಲಿ ಅದು ತನ್ನಷ್ಟಕ್ಕೆ ಉದ್ದವಾಗಿ ಕೂಡಿಕೊಂಡಿತು. ಮೇ ತಿಂಗಳಲ್ಲಿ ಕೊನೆಯ ಪಟ್ಟಿ ಬಿಚ್ಚಿದಾಗ ಎರಡೂ ಪಾದಗಳನ್ನು ಜೋಡಿಸಿಟ್ಟು ನೋಡಿದೆ. ಬಲದ್ದು ಒಂದು ಚೂರು ಗಿಡ್ಡ ಎಂಬುದನ್ನು ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ.

ಚಿಕಿತ್ಸೆ ಮುಗಿಯಿತೆಂದು ಎಲ್ಲರೂ ಭಾವಿಸುವುದು ಇಲ್ಲಿಯೇ. ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾದಿರುವ ಪ್ರಶ್ನೆಯೂ ಇಲ್ಲಿಯೇ ಇದೆ: ಪಾದ ನೆಟ್ಟಗಾದ ಮೇಲೂ ಆ ಕಂಬಿಯೇಕೆ?

ಕಂಬಿಯೆಂದರೆ ಎರಡು ಶೂಗಳನ್ನು ಮಗುವಿನ ಭುಜದಗಲಕ್ಕೆ ದೂರವಿರಿಸಿ ಜೋಡಿಸಿದ ಲೋಹದ ಪಟ್ಟಿ. ಸರಿಪಡಿಸಿದ ಕಾಲಿನ ಶೂ ಎಪ್ಪತ್ತು ಡಿಗ್ರಿ ಹೊರಕ್ಕೆ ತಿರುಗಿರುತ್ತದೆ, ಇನ್ನೊಂದು ನಲವತ್ತು. ಮೊದಲ ಮೂರು ತಿಂಗಳು ದಿನಕ್ಕೆ ಇಪ್ಪತ್ಮೂರು ಗಂಟೆ, ಆಮೇಲೆ ನಾಲ್ಕೈದು ವರ್ಷ ವಯಸ್ಸಾಗುವವರೆಗೆ ರಾತ್ರಿ ಮತ್ತು ಹಗಲು ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಪಾದವನ್ನು ಒಳಕ್ಕೆಳೆದ ಅಸ್ಥಿಬಂಧಗಳು, ಅಂದರೆ ಮೂಳೆಯನ್ನು ಮೂಳೆಗೆ ಬಿಗಿದಿಡುವ ಪಟ್ಟೆಗಳು, ಪಟ್ಟಿ ಬಿಚ್ಚಿದ ಮಾತ್ರಕ್ಕೆ ತಮ್ಮ ಹಟ ಬಿಡುವುದಿಲ್ಲ, ಮತ್ತು ಮಗು ಅತಿ ವೇಗವಾಗಿ ಬೆಳೆಯುವುದೂ ಈ ವರ್ಷಗಳಲ್ಲೇ. ಮರಳಿ ಸೊಟ್ಟಗಾಗುವ ಪಾದಗಳಲ್ಲಿ ಹೆಚ್ಚಿನವುಗಳ ಹಿಂದಿನ ಕಾರಣ, ಮನೆಯಲ್ಲಿ ಈ ಶೂಗಳನ್ನು ಹಾಕದೆ ಬಿಟ್ಟದ್ದು. ಆದರೆ ಈ ಕಂಬಿಯನ್ನು ಕಂಡ ನೆಂಟರು ಹೇಳುವುದು, "ಪಾಪ, ಕೂಸಿಗೆ ಬೇಡಿ ಹಾಕಿದ ಹಾಗಿದೆ, ಬಿಚ್ಚಿಬಿಡಿ" ಎಂದು.

ನಾನೂ ಬಿಚ್ಚಿದ್ದೆ. ಆ ವರ್ಷದ ನವೆಂಬರಿನಲ್ಲಿ ತಂಗಿಯ ಮದುವೆಗೆ ತವರಿಗೆ ಹೋಗಿದ್ದಾಗ, ಮಗು ಅತ್ತು ಮನೆತುಂಬಿದ ನೆಂಟರ ನಿದ್ದೆ ಕೆಡುತ್ತದೆಂಬ ದಾಕ್ಷಿಣ್ಯಕ್ಕೆ ಒಂಬತ್ತು ರಾತ್ರಿ ಶೂ ಹಾಕಲಿಲ್ಲ. ಮರಳಿ ಬಂದ ಮೇಲೂ ಕೆಲವು ವಾರ ಹಾಕಿದರೆ ಹಾಕಿದೆ, ಬಿಟ್ಟರೆ ಬಿಟ್ಟೆ. ಒಂದು ದಿನ ಹಿಮ್ಮಡಿ ಶೂವಿನ ತಳಕ್ಕೆ ಕೂರಲೇ ಇಲ್ಲ. ಮತ್ತೆ ಹಾಸನ, ಮತ್ತೆ ಬಕೆಟ್ಟು, ಮತ್ತೆ ಎರಡು ಪಟ್ಟಿ. ಈ ಸಲ ತಪ್ಪು ಯಾರದ್ದೆಂದು ದಿನಾಂಕಸಹಿತ ಹೇಳಬಲ್ಲೆ. ವಿಚಿತ್ರವೆಂದರೆ, ನಿಜವಾಗಿ ನಾನು ತಪ್ಪು ಮಾಡಿದ ಆ ದಿನಗಳಲ್ಲಿ ಏನು ಮಾಡುತ್ತಿದ್ದೆನೆಂದು ಯಾರೂ ಕೇಳಿಲ್ಲ.

ಈಗ ಮಗ ಓಡುತ್ತಾನೆ. ರಾತ್ರಿ ಮಗ್ಗುಲು ಬದಲಿಸುವಾಗ ಅವನ ಕಂಬಿಯಿಂದ ಬಿದ್ದ ಏಟಿನ ನೀಲಿ ಗುರುತುಗಳು ನನ್ನ ಮೊಣಕಾಲ ಕೆಳಗೆ ಸದಾ ಇರುತ್ತವೆ. ಮೊನ್ನೆ, 2025ರ ಸೆಪ್ಟೆಂಬರ್ 7ರ ಭಾನುವಾರ, ರಾತ್ರಿ ಹತ್ತರ ಸುಮಾರಿಗೆ ಚಂದ್ರಗ್ರಹಣ ಹಿಡಿಯುವುದಿತ್ತು. ಅತ್ತೆಯವರು ಸಂಜೆಯೇ ಅಡುಗೆಮನೆ ತೊಳೆದು, ನೀರಿನ ಬಿಂದಿಗೆಗೆ ದರ್ಭೆ ಹಾಕಿ, ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರು. ಇವತ್ತೊಂದು ರಾತ್ರಿ ಮಗುವಿನ ಮೈಮೇಲೆ ಕಬ್ಬಿಣ ಬೇಡವೆನ್ನುತ್ತಾರೆಂದು ನಾನು ಜಗಳಕ್ಕೆ ಸಿದ್ಧಳಾಗಿ ಕುಳಿತಿದ್ದೆ. ಅವರು ಮಂಚದ ಕೆಳಗೆ ಕೈಹಾಕಿ ಶೂಗಳನ್ನು ಎಳೆದು, ನನ್ನ ಮುಂದಿಟ್ಟು, "ಗ್ರಹಣ ಹಿಡಿಯೋಕ್ ಮುಂಚೆ ಹಾಕ್ಬಿಡು, ಆಮೇಲೆ ಕಬ್ಬಿಣ ಮುಟ್ಬಾರ್ದು" ಎಂದರು.