ಕಲ್ಲು ಬಂದ್ರ ಇಳಿಬಾರದೇನ್ರೀ?

“ಕಲ್ಲು ಬಂದ್ರ ಇಳಿದು ನೂಕ್ಕೊಂಡು ಹೋಗಬಾರದೇನ್ರೀ ಅಕ್ಕಾರ?” ಸಾಣಾಪುರದ ಕೆರೆ ದಂಡೆಯಲ್ಲಿ, ಆನೆಗೊಂದಿ ದಾರಿಯ ಚಹಾದಂಗಡಿಯಲ್ಲಿ, ಗಂಗಾವತಿಯ ನಮ್ಮ ಓಣಿಯಲ್ಲಿ ಬಂಡೆಗಳ ಮೇಲೆ ಸೈಕಲ್ಲು ಹೊಡೆಯುವ ನನ್ನನ್ನು ಎಲ್ಲರೂ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಸಾಕಾಗಿದೆ.

ಇಳಿಯಬಹುದು. ಆದರೆ ಇಳಿಯುವುದೇ ಸುಲಭ ಅಂತ ನಿಮಗೆ ಯಾರು ಹೇಳಿದರು? ಹದಿನಾಲ್ಕು ಕಿಲೋದ ಸೈಕಲ್ಲನ್ನು ಓರೆ ಬಂಡೆಯ ಮೇಲೆ ನೂಕಿ ನೋಡಿ. ಪೆಡಲ್ಲು ಮೊಣಕಾಲಿನ ಕೆಳಗೇ ಬಡಿಯುತ್ತದೆ, ಕಾಲು ಜಾರುತ್ತದೆ, ಸೈಕಲ್ಲು ಇಳುಕಲಿಗೆ ಎಳೆಯುತ್ತದೆ. ಗೇಣೆತ್ತರದ ಕಲ್ಲಾದರೆ ಹತ್ತಿಸುವುದೇ ಸಲೀಸು. ಸೀಟಿನಿಂದ ಎದ್ದು ಮೈಭಾರ ಹಿಂದಕ್ಕೆ ಹಾಕಿ ಒಂದು ಸಲ ಬಿಗಿಯಾಗಿ ತುಳಿದರೆ ಮುಂದಿನ ಗಾಲಿ ಹಗುರಾಗಿ ಏಳುತ್ತದೆ. ಅದು ಕಲ್ಲಿನ ಮೇಲೆ ಕೂತ ಕೂಡಲೇ ಎದೆ ಮುಂದೆ ತಂದರೆ ಹಿಂದಿನದು ತಾನೇ ಬರುತ್ತದೆ. ಟೈರಿನ ಗಾಳಿಯ ಒತ್ತಡವನ್ನು 25 ಪಿಎಸ್‌ಐ (ಪಂಪಿನ ಮೀಟರು ತೋರಿಸುವ ಅಳತೆ) ಆಸುಪಾಸಿಗೆ ಇಳಿಸಿರುತ್ತೇನೆ, ಬಂಡೆಗೆ ಅಂಟಿಕೊಳ್ಳಲಿ ಅಂತ. ಮಳೆಯಾಗಿ ಪಾಚಿ ಹಿಡಿದಿದ್ದರೆ ನಾನೇ ಇಳಿಯುತ್ತೇನೆ, ಯಾರೂ ಹೇಳಬೇಕಿಲ್ಲ.

“ಮತ್ತ ಬಿದ್ದಿದ್ರಂತಲ್ಲ?” ಹೌದು, ಬಿದ್ದಿದ್ದೆ. ಮೊಣಕೈಗೆ ಏಳು ಹೊಲಿಗೆ. ಓಣಿಯೆಲ್ಲ “ಕಲ್ಲು ಕೆಡವಿತು” ಅಂದಿತು. ಈ ಮಾತಿಗೇ ನನಗೆ ಸಿಟ್ಟು ಬರುವುದು. ಕಲ್ಲನ್ನು ನಾನು ಚೆನ್ನಾಗಿ ಹತ್ತಿ ಇಳಿದಿದ್ದೆ. ಬಿದ್ದದ್ದು ಅದರಾಚೆಯ ಉಸುಕಿನಲ್ಲಿ, ಮುಂದಿನ ಬ್ರೇಕು ಹಿಡಿದು. ನಮ್ಮ ಈ ಗುಂಡುಕಲ್ಲುಗಳು ಎಲ್ಲಿಂದಲೋ ಉರುಳಿ ಬಂದವಲ್ಲ. ಸುಮಾರು 250 ಕೋಟಿ ವರ್ಷದ ಗ್ರಾನೈಟು, ಬಿರುಕಿನಲ್ಲಿ ನೀರಿಳಿದು ಮೂಲೆ ಸವೆದು ಇದ್ದಲ್ಲೇ ದುಂಡಗಾಗಿದೆ. ಸವೆದು ಉದುರಿದ್ದೇ ಆ ದಪ್ಪ ಉಸುಕು. ಒಣಗಿದ ಬಂಡೆಯ ಮೈ ಒರಟು, ಗಾಲಿಯನ್ನು ಹಿಡಿಯುತ್ತದೆ. ಉಸುಕಿನ ಹರಳು ಒಂದಕ್ಕೊಂದು ಅಂಟುವುದಿಲ್ಲ, ಗಾಲಿಯಡಿ ಉರುಳುತ್ತವೆ. ಹೊಲಿಗೆ ಹಾಕಿಸಿಕೊಂಡ ಮೇಲೂ ಉಸುಕಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಒಬ್ಬ ಅಜ್ಜ ಬಿಟ್ಟು. ಕೈ ವಾಸಿಯಾದ ಮೇಲೆ ಅದೇ ಕಲ್ಲಿಗೆ ಹೋಗಿದ್ದೆ. ಕುರಿ ಬಿಟ್ಟುಕೊಂಡು ನೆರಳಲ್ಲಿ ಕೂತಿದ್ದವ, ನಾನು ಮೂರು ಸಲ ಹತ್ತಿ ಮೂರು ಸಲವೂ ಉಸುಕಿನಲ್ಲಿ ಕಾಲೂರಿದ್ದನ್ನು ನೋಡಿದ. ಯಾಕೆ ಅನ್ನಲಿಲ್ಲ, ಸೈಕಲ್ಲಿಗೆ ಎಷ್ಟು ಕೊಟ್ಟೆ ಅಂತಲೂ ಅನ್ನಲಿಲ್ಲ.

“ಇಳಿಯುವಾಗ ಕಣ್ಣು ಎಲ್ಲಿಟ್ಟಿರ್ತಿ ಯವ್ವಾ?”

ಇಷ್ಟು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಕಣ್ಣು ಹೋದಲ್ಲಿಗೆ ಹೆಗಲು ತಿರುಗುತ್ತದೆ, ಹೆಗಲು ತಿರುಗಿದಲ್ಲಿಗೆ ಗಾಲಿ.

“ಉಸುಕಿನ ಮ್ಯಾಲ, ಅಜ್ಜಾ. ಅಂಜಿಕಿ ಆಗಿ ಅದನ್ನ ನೋಡ್ತೀನಿ.”

“ಅದನ್ಯಾಕ ನೋಡ್ತಿ? ಆಡು ಇಳಿಯೋದು ನೋಡಿಲ್ಲೇನು?” ಕೋಲೆತ್ತಿ ಎಡಕ್ಕೆ ತೋರಿಸಿದ. “ಅಲ್ಲಿ ಗರಿಕಿ ಐತಿ. ಬೇರು ಇದ್ದಲ್ಲಿ ನೆಲ ಗಟ್ಟಿ ಇರತೈತಿ.”

ಎರಡು ಮಾರು ದೂರದಲ್ಲಿ, ಅಂಗೈಯಗಲದ ಹಸಿರು. ನನಗೆ ಕಂಡೇ ಇರಲಿಲ್ಲ. ನಾಲ್ಕನೆಯ ಸಲ ಕಲ್ಲಿನ ನೆತ್ತಿಗೆ ಬಂದ ಮೇಲೆ ಅದೊಂದನ್ನೇ ನೋಡಿದೆ, ಗಾಲಿ ಗರಿಕೆಯ ಮೇಲೆಯೇ ಇಳಿಯಿತು. ತಿರುಗಿ ನೋಡಿದರೆ ಅಜ್ಜ ಆಗಲೇ ಎದ್ದು ಕುರಿ ಹೊಡೆದುಕೊಂಡು ಹೊರಟಿದ್ದ.