ಊಟಿ ರೈಲನ್ನು ಮೆಟ್ಟುಪಾಳ್ಯದಲ್ಲೇ ಹತ್ತಿ

ಮೈಸೂರು ಕಡೆಯಿಂದ ಊಟಿಗೆ ಹೋಗುವ ನಮ್ಮವರು ಊಟಿಯಿಂದ ಕೂನೂರಿಗೆ ರೈಲಲ್ಲಿ ಹೋಗಿ ಬಂದು, ಟಾಯ್ ಟ್ರೇನ್ ಆಯ್ತು ಅಂದುಕೊಳ್ಳುತ್ತಾರೆ. ನಾವೂ ಎರಡು ಸಲ ಹಾಗೇ ಮಾಡಿದ್ದೆವು. ಆ ದಾರಿ ಚೆಂದವೇ, ಆದರೆ ಅಲ್ಲಿರುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಓಡುವುದು ಕೆಳಗೆ, ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ. ಮೂರನೇ ಸಲ ಅಲ್ಲಿಂದ ಹತ್ತಿದಾಗಲೇ ಏನು ಕಳೆದುಕೊಂಡಿದ್ದೆವು ಅಂತ ಗೊತ್ತಾಗಿದ್ದು.

ರೈಲು ಬೆಳಿಗ್ಗೆ 7 ಗಂಟೆ ದಾಟುತ್ತಿದ್ದಂತೆ ಹೊರಡುತ್ತದೆ. ಹಾಗಾಗಿ ಹಿಂದಿನ ದಿನ ಕೊಯಮತ್ತೂರಿಗೆ ಬಂದು, ಬಸ್ಸಲ್ಲಿ ಮೆಟ್ಟುಪಾಳ್ಯ ಸೇರಿ ಅಲ್ಲೇ ಮಲಗಿ. ಟಿಕೆಟ್ ಹುಡುಕುವಾಗ ಊಟಿ ಅನ್ನುವ ಬದಲು ಉದಗಮಂಡಲಂ ಅಂತ ಹಾಕಿ. ಸೀಟು ಕಡಿಮೆ, ಬೇಗ ತುಂಬುತ್ತದೆ. ಬುಕಿಂಗ್ ತೆರೆದ ದಿನವೇ ಮಾಡಿಸಿ.

ಕಲ್ಲಾರಿನವರೆಗೆ ಅಡಿಕೆ ತೋಟಗಳ ನಡುವೆ ಸಲೀಸು ದಾರಿ. ಆಮೇಲೆ ಎಂಜಿನ್ ಸದ್ದೇ ಬದಲಾಗುತ್ತದೆ. ಏರು ಎಷ್ಟು ಕಡಿದು ಅಂದರೆ, 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಬರೀ ಚಕ್ರ ಇಲ್ಲಿ ಹಿಡಿತ ಸಿಗದೆ ಜಾರಿಬಿಡುತ್ತದೆ. ಅದಕ್ಕೇ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಹತ್ತುತ್ತದೆ. ಕೂನೂರಿನವರೆಗೆ 1899ರಲ್ಲಿ ರೈಲು ಬಂದಾಗಿನಿಂದ ಇದೇ ಕ್ರಮ! ಊಟಿ ಮುಟ್ಟಿದ್ದು 1908ರಲ್ಲಿ.

ಏರುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ. ಮುಂದಿನ ಬೋಗಿಯ ಎದುರು ಎಂಜಿನ್ನೇ ಇಲ್ಲ, ಬಾವುಟ ಹಿಡಿದು ನಿಂತ ಬ್ರೇಕ್‌ಮನ್, ಅವರಾಚೆ ಹಳಿ, ಸುರಂಗ, ಕಮರಿ. ಸಿಕ್ಕರೆ ಅಲ್ಲೇ ಕೂರಿ. ಯಾವ ಕಿಟಕಿ ಅಂತ ತಲೆ ಕೆಡಿಸಿಕೊಳ್ಳಬೇಡಿ. 46 ಕಿಲೋಮೀಟರ್ ದಾರಿಗೆ 208 ತಿರುವು, 16 ಸುರಂಗ ಇವೆ. ಎರಡೂ ಬದಿಗೆ ಪಾಲು ಸಿಗುತ್ತದೆ.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ತಪ್ಪದೆ ಇಳಿಯಿರಿ. ಬಿಸಿ ಎಣ್ಣೆಯ ವಾಸನೆ, ಮುಖಕ್ಕೆ ತಾಗುವ ಉಗಿ, ಸುತ್ತ ಕಾಡಿನ ಮೌನ. ನನ್ನ ಅಪ್ಪ ಎಂಜಿನ್ ಪಕ್ಕ ಸುಮ್ನೆ ನಿಂತುಬಿಟ್ಟರು, ಸೀಟಿ ಊದಿದ ಮೇಲೂ ಬರಲಿಲ್ಲ. ಕೈಚೀಲ ಮಾತ್ರ ಜೋಪಾನ, ಕೋತಿಗಳು ಕಾಯುತ್ತಿರುತ್ತವೆ. ಬೋಗಿಯಲ್ಲಿ ಶೌಚಾಲಯ ಇಲ್ಲ. ಮಕ್ಕಳು, ಹಿರಿಯರು ಜೊತೆಗಿದ್ದರೆ ನಿಂತ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆಗೆ ಗುಡ್ಡ ಕುಸಿದು ರೈಲು ರದ್ದಾಗುವುದುಂಟು. ಜನವರಿ ನಂತರ ಹೋಗುವುದು ಒಳ್ಳೆಯದು, ಬೆಳಿಗ್ಗೆಗೆ ಸ್ವೆಟರ್ ಇರಲಿ.

ಕೂನೂರು ದಾಟಿದರೆ ಚಹಾ ತೋಟ, ಕೇತ್ತಿ ಕಣಿವೆಯಲ್ಲಿ ನೀಲಗಿರಿಯ ಬಡಗ ಸಮುದಾಯದವರ ಊರುಗಳು. ನಮ್ಮ ಬೋಗಿಯಲ್ಲಿ ಇಬ್ಬರು ಬಡಗ ಅಜ್ಜಿಯರು ಮಾತಾಡುತ್ತಿದ್ದರು. ಅರ್ಧಕ್ಕರ್ಧ ಅರ್ಥವಾಯಿತು, ನಮ್ಮ ಭಾಷೆಗೆ ಅಷ್ಟು ಹತ್ತಿರ ಅಲ್ವಾ!

ಊಟಿ ಸೇರಲು ಸುಮಾರು 5 ಗಂಟೆ ಬೇಕು. ಒಂದು ಕಡೆಯ ಟಿಕೆಟ್ ಸಾಕು. ವಾಪಸ್ ಗೂಡಲೂರು, ಬಂಡೀಪುರದ ಮೇಲೆ ಬಸ್ಸಲ್ಲಿ ಮೈಸೂರಿಗೆ ಇಳಿಯಬಹುದು. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆ, ಅದಕ್ಕೆ ಮುಂಚೆ ದಾಟುವಂತೆ ಹೊರಡಿ.